ಮೇಳ ಬಿಟ್ಟವನ ಹಾಡು

ಮೇಳದಲ್ಲಿದ್ದು ಹಾಡುವವನನ್ನು ಜನ ಮೆಚ್ಚುತ್ತಾರೆ. ಮೊದಲಿನಿಂದಲೂ ಒಬ್ಬನೇ ಕುಳಿತು ಹಾಡುವವನನ್ನೂ ಮೆಚ್ಚುತ್ತಾರೆ. ಆದರೆ ಮೇಳದಲ್ಲಿದ್ದು, ಹೆಸರಾಗಿ, ಆಮೇಲೆ ಅದನ್ನು ಬಿಟ್ಟು ಹೊರಗೆ ಬಂದು, 'ಇನ್ನು ನಾನೊಬ್ಬನೇ ಹಾಡುತ್ತೇನೆ, ಕೇಳಿ' ಎನ್ನುವವನ ಪಾಡು ಕಷ್ಟ. ಕೇಳಬಂದವರ ಒಂದು ಕಿವಿ ಅವನ ಕಡೆಗಿದ್ದರೆ ಇನ್ನೊಂದು ಕಿವಿ ಅವನು ಬಿಟ್ಟುಬಂದ ಮೇಳದ ಕಡೆಗಿರುತ್ತದೆ. ಹಾಡು ಹಳೆಯದರಂತಿದ್ದರೆ, 'ಇಷ್ಟಕ್ಕೆ ಮೇಳ ಬಿಡಬೇಕಾಗಿತ್ತೆ?' ಎನ್ನುತ್ತಾರೆ. ಹಳೆಯದರಂತೆ ಇಲ್ಲದಿದ್ದರೆ, 'ಅಲ್ಲಿದ್ದಾಗಲೇ ಚೆನ್ನಾಗಿತ್ತಪ್ಪ' ಎನ್ನುತ್ತಾರೆ. ಎರಡು ಕಡೆಯಿಂದಲೂ ಪೆಟ್ಟು ತಿನ್ನುವುದು ಮೃದಂಗ ಒಂದೇ ಅಲ್ಲ.

ಒಟ್ಟು ಕುಟುಂಬದಿಂದ ಬೇರೆಯಾಗಿ ಪಕ್ಕದ ಬೀದಿಯಲ್ಲಿ ಮನೆ ಮಾಡಿದ ತಮ್ಮನನ್ನು ನೆಂಟರು ನೋಡುವ ರೀತಿಯೂ ಇದೇ. ಅವನ ಮನೆಯ ಅಡಿಗೆ ಎಷ್ಟೇ ರುಚಿಯಾಗಿರಲಿ, ಉಂಡು ಕೈ ತೊಳೆಯುವಾಗ ಯಾರಾದರೊಬ್ಬರು ದೊಡ್ಡಮನೆಯ ಸಾರನ್ನು ನೆನೆಯದೆ ಇರುವುದಿಲ್ಲ. ಅವರಿಗೆ ದ್ವೇಷವೇನೂ ಇಲ್ಲ, ಅಭ್ಯಾಸ ಅಷ್ಟೆ. ಆದರೆ ದ್ವೇಷವನ್ನಾದರೂ ಎದುರಿಸಬಹುದು, ಅಭ್ಯಾಸವನ್ನು ಎದುರಿಸುವುದು ಹೇಗೆ?

ಈ ಯೋಚನೆ ನನ್ನ ತಲೆಗೆ ಹತ್ತಿದ್ದು ಅಮೆರಿಕದ ಒಂದು ಗ್ರಾಮಫೋನ್ ತಟ್ಟೆಯ ದೆಸೆಯಿಂದ. ಅದರ ಹೆಸರು 'ನೋ ಅದರ್'. 'ಅನ್ಯವಿಲ್ಲ' ಎಂದು ಕನ್ನಡ ಮಾಡಿದರೆ ವೇದಾಂತದ ಹೊತ್ತಗೆಯ ಹೆಸರಿನಂತೆ ಕೇಳಿಸುತ್ತದೆ. ಆ ವಾಸನೆ ಮೂಲದಲ್ಲಿಯೂ ಇಲ್ಲದಿಲ್ಲ. ಹಾಡಿದವನು ಜೀನ್ ಕ್ಲಾರ್ಕ್. ತಟ್ಟೆ ಮೊದಲು ಹೊರಬಂದದ್ದು 1974ರಲ್ಲಿ. 2019ರಲ್ಲಿ ಅದನ್ನು ಮತ್ತೆ ಅಚ್ಚುಹಾಕಿದಾಗ ಪರದೇಶದಲ್ಲಿರುವ ನನ್ನ ಸೋದರಳಿಯ ಒಂದು ಪ್ರತಿಯನ್ನು ಕೊಂಡು, ಊರಿಗೆ ಬಂದಾಗ ನನಗೆ ಕೊಟ್ಟು, 'ಮಾವ, ನಿಮಗೆ ರಾಕ್ ಸಂಗೀತ ಆಗುವುದಿಲ್ಲ, ಗೊತ್ತು. ಇದೊಂದನ್ನು ಕೇಳಿ' ಎಂದು ಹೇಳಿ ಹೋದ.

ಆ ಸಂಗೀತದಲ್ಲಿ ನನ್ನ ಅರ್ಹತೆ ಏನು ಎಂದು ವಾಚಕರು ಕೇಳಬಹುದು. ಏನೂ ಇಲ್ಲ. ರಾಮನವಮಿಯ ಚಪ್ಪರದ ಕೆಳಗೆ ಮಡಿಸುವ ಕುರ್ಚಿಯ ಮೇಲೆ ಕುಳಿತು ಬೆಳೆದ ಕಿವಿ ನನ್ನದು. ಎಲ್ಲಿಯಾದರೂ ಡ್ರಮ್ಮಿನ ಸದ್ದು ಕೇಳಿದರೆ ಮೊದಲು ಎದ್ದು ಕಿಟಕಿ ಮುಚ್ಚುವ ಜಾತಿಗೆ ಸೇರಿದವನು ನಾನು. ಆದರೂ ಈ ತಟ್ಟೆಯನ್ನು ಇಷ್ಟು ಹೊತ್ತಿಗೆ ನೂರು ಸಲವಾದರೂ ಕೇಳಿದ್ದೇನೆ. 'ನಿಮ್ಮ ಆ ದುಃಖದ ಮನುಷ್ಯ ಇವತ್ತು ಹಾಡಲಿಲ್ಲವಲ್ಲ?' ಎಂದು ನಮ್ಮ ಮನೆಯಾಕೆ ವಿಚಾರಿಸುವ ಮಟ್ಟಿಗೆ ಆತ ನಮ್ಮ ಮನೆಯವನಾಗಿದ್ದಾನೆ. ಅಷ್ಟು ಬಳಕೆಯಾದವನ ಕುಲಗೋತ್ರ ವಿಚಾರಿಸದೆ ಇರುವುದಾದರೂ ಹೇಗೆ? ವಿಚಾರಿಸಿದೆ. ತಿಳಿದದ್ದು ಇದು.

ಕ್ಲಾರ್ಕ್ ಹುಟ್ಟಿದ್ದು 1944ರ ನವೆಂಬರ್ 17ರಂದು, ಅಮೆರಿಕದ ನಡುನಾಡಾದ ಮಿಸೌರಿ ಸಂಸ್ಥಾನದ ಟಿಪ್ಟನ್ ಎಂಬ ಸಣ್ಣ ಊರಿನಲ್ಲಿ. 13 ಮಕ್ಕಳ ಮನೆ. ಗಿಟಾರು ನುಡಿಸುವುದನ್ನೂ ಹಾರ್ಮೊನಿಕಾ ಊದುವುದನ್ನೂ ತಂದೆಯೇ ಕಲಿಸಿದರು. ಬೆಳೆದದ್ದು ಕಾನ್ಸಸ್ ಸಿಟಿಯ ಸುತ್ತಿನಲ್ಲಿ. 1963ರಲ್ಲಿ, 18 ವರ್ಷದ ಹುಡುಗನಾಗಿ, ಜನಪದ ಗೀತೆಗಳನ್ನು ಹಾಡುತ್ತಿದ್ದ 'ನ್ಯೂ ಕ್ರಿಸ್ಟಿ ಮಿನ್‌ಸ್ಟ್ರೆಲ್ಸ್' ಎಂಬ ದೊಡ್ಡ ತಂಡವನ್ನು ಸೇರಿದ. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡು ಕಿವಿಗೆ ಬಿದ್ದದ್ದೇ ತಡ, ಮರುವರ್ಷದ ಆರಂಭದಲ್ಲಿ ಅದನ್ನು ಬಿಟ್ಟು ಲಾಸ್ ಏಂಜಲಿಸ್ ನಗರಕ್ಕೆ ಬಂದ. ಮೇಳ ಬಿಡುವುದು ಈತನಿಗೆ ಹುಟ್ಟುಗುಣವೋ ಏನೋ ಎಂದು ಇಲ್ಲಿಯೇ ಅನುಮಾನ ಬರುತ್ತದೆ.

ಅಲ್ಲಿ ಮೆಗ್ವಿನ್, ಕ್ರಾಸ್ಬಿ ಎಂಬ ಇಬ್ಬರು ಗಾಯಕರು ಜೊತೆಯಾದರು. ಹಿಲ್‌ಮನ್ ಎಂಬಾತ ಬೇಸ್ ಗಿಟಾರಿಗೆ, ಮೈಕೇಲ್ ಕ್ಲಾರ್ಕ್ ಎಂಬಾತ ಡ್ರಮ್ಮಿಗೆ ಬಂದರು. ತಂಡಕ್ಕೆ 'ಬರ್ಡ್ಸ್' ಎಂದು ಹೆಸರಾಯಿತು. ಹಕ್ಕಿಗಳು ಎಂದೇ ಅರ್ಥ. ಕಾಗುಣಿತದಲ್ಲಿ ಮಾತ್ರ ಒಂದಕ್ಷರವನ್ನು ಬೇಕೆಂದೇ ಬದಲಾಯಿಸಿಕೊಂಡಿದ್ದರು. ಬಾಬ್ ಡಿಲನ್ ಬರೆದ 'ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್' ಎಂಬ ಹಾಡನ್ನು ಹನ್ನೆರಡು ತಂತಿಯ ಗಿಟಾರಿನ ಮೇಲೆ ಮಿರಮಿರ ಮಿಂಚಿಸಿ ಇವರು ಹಾಡಿದ್ದು 1965ರಲ್ಲಿ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಮಾರಾಟದ ಪಟ್ಟಿಯ ನೆತ್ತಿಯನ್ನೇರಿತು. ತಂಡದ ಸ್ವಂತ ಹಾಡುಗಳಲ್ಲಿ ಮೊದಮೊದಲು ಹೆಚ್ಚಿನ ಪಾಲನ್ನು ಬರೆದವನು ಕ್ಲಾರ್ಕ್. ವೇದಿಕೆಯ ಮೇಲೆ ಮಾತ್ರ ಆತನ ಗಿಟಾರು ಕ್ರಾಸ್ಬಿಯ ಕೈಗೆ ಹೋಗಿ, ಆತನಿಗೆ ಉಳಿದದ್ದು ಟ್ಯಾಂಬೊರಿನ್ - ನಮ್ಮ ಖಂಜಿರದ ದೂರದ ನೆಂಟ. ಪದ ಕಟ್ಟುವವನ ಕೈಯಲ್ಲಿ ಗಿಲಕಿ! ಆದರೆ ಪದ ಕಟ್ಟುವವನಿಗೆ ಬೇರೆಯಾಗಿ ಹಣ ಬರುತ್ತದೆ. ಜೊತೆಗಾರರು ಹಳೆಯ ಬಾಡಿಗೆ ಮನೆಯಲ್ಲಿದ್ದಾಗ ಒಬ್ಬನಿಗೆ ಕಾರು ಬಂದರೆ ಮೇಳದ ಶ್ರುತಿ ಸ್ವಲ್ಪ ಇಳಿಯುವುದು ಸಹಜ. ಇಳಿಯಿತು.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಹಕ್ಕಿಗಳ ತಂಡದ ಈ ಹಕ್ಕಿಗೆ ಹಾರುವುದೆಂದರೆ ಭಯ. 1965ರ ಆಗಸ್ಟಿನಲ್ಲಿ ತಂಡ ವಿಮಾನದಲ್ಲಿ ಇಂಗ್ಲೆಂಡಿಗೆ ಹೋಗಿಬಂದಿತು. ಆ ಪ್ರಯಾಣದ ನೆನಪಿನಿಂದ 'ಏಟ್ ಮೈಲ್ಸ್ ಹೈ' ಎಂಬ ಹಾಡು ಹುಟ್ಟಿತು. ಅದರ ಮಾತುಗಳ ಬಹುಭಾಗ ಕ್ಲಾರ್ಕನದು. ಆ ವರ್ಷದ ಕೊನೆಯಲ್ಲಿ ಊರೂರು ಸುತ್ತುವಾಗ ವಾಹನದಲ್ಲಿ ಒಂದೇ ಟೇಪನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದರಂತೆ. ಅದರಲ್ಲಿದ್ದುದು ಜಾನ್ ಕೋಲ್ಟ್ರೇನನ ಸ್ಯಾಕ್ಸೊಫೋನು ಮತ್ತು ನಮ್ಮ ರವಿಶಂಕರರ ಸಿತಾರು. ಎರಡರ ನೆರಳೂ ಆ ಹಾಡಿನ ಗಿಟಾರಿನ ಮೇಲೆ ಬಿದ್ದಿದೆ. ವಿಮಾನ ಅಷ್ಟು ಎತ್ತರ ಹಾರಿರಲಿಲ್ಲ. ಆರು ಮೈಲಿ, ಏಳು ಮೈಲಿ ಇದ್ದೀತು. ಎಂಟು ಎಂದರೆ ಹಾಡಿಗೆ ಚೆನ್ನ ಎಂದು ಎಂಟು ಮಾಡಿದರು. ಹಾರಲು ಹೆದರುವವನು ವಿಮಾನವನ್ನು ಇನ್ನೂ ಒಂದು ಮೈಲಿ ಮೇಲಕ್ಕೇರಿಸಿದ್ದನ್ನು ನೆನೆದಾಗಲೆಲ್ಲ ನನಗೆ ಕವಿಗಳ ಮೇಲಿನ ಗೌರವ ಹೆಚ್ಚುತ್ತದೆ.

ಆ ಹಾಡು 1966ರ ಮಾರ್ಚಿನಲ್ಲಿ ಮಾರಾಟಕ್ಕೆ ಬಂತು. ಸರಿಸುಮಾರು ಅದೇ ಹೊತ್ತಿನಲ್ಲಿ, ನ್ಯೂಯಾರ್ಕಿಗೆ ಹೊರಟಿದ್ದ ವಿಮಾನದಲ್ಲಿ ಕುಳಿತಿದ್ದ ಕ್ಲಾರ್ಕನಿಗೆ ತಡೆಯಲಾರದಷ್ಟು ಭಯವಾಗಿ, ಅದು ನೆಲ ಬಿಡುವ ಮುಂಚೆಯೇ ಇಳಿದುಬಿಟ್ಟ. ತಂಡದಿಂದಲೂ ಇಳಿದಂತಾಯಿತು. ಹಾರಲಾರದವನು ಹಕ್ಕಿಯಾಗಿರಲಾರ ಎಂಬರ್ಥದ ಮಾತೊಂದನ್ನು ಮೆಗ್ವಿನ್ ಆಡಿದನೆಂದು ಹೇಳುತ್ತಾರೆ. ಮಾತು ಚುರುಕಾಗಿದೆ. ಚುರುಕಾದ ಮಾತಿನ ದೋಷವೆಂದರೆ ಅದು ಮನುಷ್ಯನಿಗಿಂತ ಹೆಚ್ಚು ಕಾಲ ಬದುಕುತ್ತದೆ. 1967ರಲ್ಲಿ ಆತ ಮತ್ತೆ ತಂಡಕ್ಕೆ ಬಂದು ಮೂರೇ ವಾರಕ್ಕೆ ಮತ್ತೆ ಬಿಟ್ಟ. ಆಗಲೂ ವಿಮಾನವೇ ಕಾರಣ.

ಮೇಳ ಬಿಟ್ಟವನ ಮುಂದಿನ ಏಳೆಂಟು ವರ್ಷಗಳ ಕಥೆಯನ್ನು ಗ್ರಹಚಾರದ ಕಥೆ ಎಂದರೂ ಸಲ್ಲುತ್ತದೆ. 1967ರಲ್ಲಿ ಆತನ ಸ್ವಂತದ ಮೊದಲ ತಟ್ಟೆ ಬಂತು. ಅದೇ ಕಂಪೆನಿ ಅದೇ ತಿಂಗಳಿನಲ್ಲಿ ಬರ್ಡ್ಸ್ ತಂಡದ ಹೊಸ ತಟ್ಟೆಯನ್ನೂ ಹೊರಡಿಸಿತು. ದೊಡ್ಡಮನೆಯ ಮದುವೆಯ ದಿನವೇ ಚಿಕ್ಕಮನೆಯ ನಾಮಕರಣ. ಊಟಕ್ಕೆ ಯಾರು ಎಲ್ಲಿ ಹೋಗುತ್ತಾರೆಂದು ಹೇಳಬೇಕೆ? ಆಮೇಲೆ ಬ್ಯಾಂಜೋ ವಾದಕನಾದ ಡಗ್ ಡಿಲಾರ್ಡನೊಡನೆ ಸೇರಿ 1968ರಲ್ಲಿ ಮಾಡಿದ ತಟ್ಟೆಯೂ, 1971ರ 'ವೈಟ್ ಲೈಟ್' ಎಂಬುದೂ ಬಲ್ಲವರ ಮೆಚ್ಚುಗೆ ಪಡೆದುವು, ಮಾರಾಟವಾಗಲಿಲ್ಲ. 1973ರಲ್ಲಿ ಬಂದ ಇನ್ನೊಂದು ಹಾಲೆಂಡ್ ದೇಶದಲ್ಲಿ ಮಾತ್ರ ಹೊರಬಂತು. ಆತನ ಸ್ವಂತ ನಾಡಿನ ಅಂಗಡಿಯಲ್ಲಿ ಅದು ಸಿಗುತ್ತಿರಲಿಲ್ಲ. ಅದೇ ವರ್ಷ ಹಳೆಯ ಐವರೂ ಮತ್ತೆ ಕೂಡಿ ಒಂದು ತಟ್ಟೆ ಮಾಡಿದರು. ಜನಕ್ಕೆ ಅದು ಹಿಡಿಸಲಿಲ್ಲವಾದರೂ ಅದರೊಳಗೆ ಕ್ಲಾರ್ಕನ ಹಾಡುಗಳೇ ಚೆನ್ನಾಗಿವೆ ಎಂಬ ಮಾತು ಬಂತು. ಅಸೈಲಮ್ ಎಂಬ ಕಂಪೆನಿಯನ್ನು ಕಟ್ಟಿದ ಡೇವಿಡ್ ಗೆಫನ್, 'ನೀನೊಬ್ಬನೇ ಹಾಡು' ಎಂದು ಆತನಿಗೆ ಕರಾರು ಬರೆದುಕೊಟ್ಟ. ಹುಟ್ಟಿದಂದಿನಿಂದ ಕಾದಿದ್ದ ಬಾಗಿಲು ಕಡೆಗೂ ತೆರೆದಂತಾಯಿತು.

ಆಗ ಕ್ಲಾರ್ಕ್ ಕ್ಯಾಲಿಫೋರ್ನಿಯದ ಉತ್ತರ ತೀರದಲ್ಲಿ, ಮೆಂಡೊಸಿನೋ ಎಂಬಲ್ಲಿ, ಹೆಂಡತಿ ಮತ್ತು ಇಬ್ಬರು ಚಿಕ್ಕ ಮಕ್ಕಳೊಡನೆ ಇದ್ದ. ನಡುಮನೆಯ ಅಗಲವಾದ ಕಿಟಕಿಯ ಆಚೆ ಪೆಸಿಫಿಕ್ ಸಾಗರ. ಅದನ್ನು ನೋಡುತ್ತ ಕುಳಿತು, ಏನಾದರೂ ಮನಸ್ಸಿಗೆ ಬಂದರೆ ಬರೆದುಕೊಂಡು, ಗಿಟಾರಿನ ಮೇಲೆ ಸ್ವರ ಹಚ್ಚಿ, ಮತ್ತೆ ಸಾಗರವನ್ನು ನೋಡುತ್ತ ಕೂರುವುದು ಆತನ ದಿನಚರಿ. ಈ ರೀತಿಯಲ್ಲಿ ಎಂಟು ಹಾಡುಗಳಾದುವು.

ಸಾಗರದ ದಡದಲ್ಲಿ ಒಂಟಿಯಾಗಿ ಕಟ್ಟಿದ ಹಾಡನ್ನು ಒಂಟಿಯಾಗಿಯೇ ಹಾಡಬಹುದಾಗಿತ್ತು. ಕ್ಲಾರ್ಕ್ ಹಾಗೆ ಮಾಡಲಿಲ್ಲ. 1974ರಲ್ಲಿ ಲಾಸ್ ಏಂಜಲಿಸಿನ 'ವಿಲೇಜ್ ರೆಕಾರ್ಡರ್' ಸ್ಟುಡಿಯೋದಲ್ಲಿ, ಟಾಮಸ್ ಜೆಫರ್ಸನ್ ಕೇ ಎಂಬ ನಿರ್ಮಾಪಕನೊಡನೆ ಸೇರಿ, ಊರಿನಲ್ಲಿ ಯಾರು ಯಾರು ಒಳ್ಳೆಯ ವಾದಕರೋ ಅವರನ್ನೆಲ್ಲ ಕರೆಸಿದ. ಬೇಸ್ ಗಿಟಾರಿಗೆ ಲೀಲಂಡ್ ಸ್ಕ್ಲಾರ್, ಡ್ರಮ್ಮಿಗೆ ರಸ್ ಕಂಕೆಲ್, ಗಿಟಾರಿಗೆ ಜೆಸ್ಸಿ ಎಡ್ ಡೇವಿಸ್, ಹಿನ್ನೆಲೆಯ ಹಾಡಿಗೆ ಕ್ಲೈಡಿ ಕಿಂಗ್, ವೆನೆಟ್ಟಾ ಫೀಲ್ಡ್ಸ್. ಹಳೆಯ ಮೇಳದ ಹಿಲ್‌ಮನ್ ಕೂಡ ಮ್ಯಾಂಡೊಲಿನ್ ಹಿಡಿದು ಬಂದ. ಇಗರ್ಜಿಯ ಭಜನೆಯಂಥ ಒಕ್ಕೊರಲು, ಹಳ್ಳಿಯ ಹಾಡಿನ ನಡೆ, ಕರಿಯರ ಸಂಗೀತದ ಕುಣಿತ, ಎಲ್ಲವನ್ನೂ ಒಂದರ ಮೇಲೊಂದು ಹರಡಿ ಹಾಡಿಗೆ ಹಾಸಿಗೆ ಮಾಡಿದರು. ಖರ್ಚು ಲಕ್ಷ ಡಾಲರನ್ನು ದಾಟಿತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಹಾಡುಗಾರ ಹೆಸರು ಕಳೆದುಕೊಂಡು ಏಳೆಂಟು ವರ್ಷವಾಗಿದ್ದಾಗಲಂತೂ ಅಲ್ಲ.

ನನ್ನ ಅಭಿಪ್ರಾಯಕ್ಕೆ ಸಂಗೀತ ಬಲ್ಲವರ ರುಜು ಇರಲೆಂದು ನಮ್ಮ ಮಿತ್ರರೊಬ್ಬರನ್ನು ಕರೆಸಿ ಈ ತಟ್ಟೆಯನ್ನು ಕೇಳಿಸಿದೆ. ಅವರು ಪಿಟೀಲು ವಿದ್ವಾಂಸರು. ನಲವತ್ತು ವರ್ಷ ಪಕ್ಕವಾದ್ಯ ನುಡಿಸಿದವರು. ಅವರ ಬೆರಳಿಗೆ ಗೊತ್ತಿಲ್ಲದ ಗಾಯಕನಿಲ್ಲ. ಅವರ ಹೆಸರು ಆಮಂತ್ರಣ ಪತ್ರಿಕೆಯ ಮೂರನೆಯ ಸಾಲಿಗಿಂತ ಮೇಲಕ್ಕೆ ಹೋದದ್ದಿಲ್ಲ. 'ಇಂಗ್ಲಿಷ್ ಸಂಗೀತವೆ? ನನಗೇನು ತಿಳಿಯುತ್ತೆ ರಾಯರೆ' ಎಂದುಕೊಂಡೇ ಕುಳಿತರು. ಮೊದಲ ಹಾಡು, ಹಳ್ಳಿಯ ನಡೆಯದು, ಒಕ್ಕೊರಲಿನೊಡನೆ ಸಾಗಿತು. ಅವರು ಸುಮ್ಮನಿದ್ದರು. ಎರಡನೆಯದು 'ಸಿಲ್ವರ್ ರೇವನ್', ಬೆಳ್ಳಿಯ ಕಾಗೆ. ಅಲ್ಲಿ ಕ್ಲಾರ್ಕನ ಕಂಠ ತನ್ನ ಒತ್ತಾಸೆಯ ನೆಲವನ್ನು ಬಿಟ್ಟು ಮೆಲ್ಲಗೆ ಮೇಲಕ್ಕೆ ಹೋಗಿ, ಇನ್ನೇನು ಒಡೆಯಿತು ಎನ್ನುವ ಕಡೆ ನಿಲ್ಲುತ್ತದೆ. ಮಿತ್ರರ ಬೆರಳು ಕುರ್ಚಿಯ ತೋಳಿನ ಮೇಲೆ ಅಲುಗಿತು.

ನಾಲ್ಕನೆಯ ಹಾಡಿನ ಹೆಸರು 'ಸ್ಟ್ರೆಂತ್ ಆಫ್ ಸ್ಟ್ರಿಂಗ್ಸ್' - ತಂತಿಗಳ ಬಲ. ಸಂಗೀತ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದೇ ಅದರ ವಸ್ತು. ಮಾತು ತೊಡಗುವ ಮುಂಚೆ ಬಹಳ ಹೊತ್ತು ಬರಿಯ ದನಿಗಳು, ಅಕ್ಷರವಿಲ್ಲದೆ, ದೂರದ ಮೋಡದ ಹಾಗೆ ಕೂಡಿಕೊಳ್ಳುತ್ತವೆ; ಕೆಳಗೆ ಪಿಯಾನೋ ಒಂದೊಂದೇ ಹೆಜ್ಜೆಯಿಡುತ್ತದೆ. ಅದು ಮುಗಿದ ಮೇಲೆ ಮಿತ್ರರು, 'ಸ್ವಲ್ಪ ನಿಲ್ಲಿಸಿ' ಎಂದರು. ನಿಲ್ಲಿಸಿದೆ.

'ಈತ ಮೇಳದಲ್ಲಿದ್ದವನೆ?' ಎಂದು ಕೇಳಿದರು.

'ಹೌದು. ಬಿಟ್ಟು ಬಂದು ಎಂಟು ವರ್ಷವಾಗಿತ್ತು' ಎಂದೆ.

'ಅದೇ ಅಂದುಕೊಂಡೆ. ಒಂಟಿಯಾಗಿ ಹಾಡೋಕೆ ಹುಟ್ಟಿದವನು ಸುತ್ತ ಇಷ್ಟು ಜನರನ್ನ ಕೂರಿಸಿಕೊಳ್ಳೋಲ್ಲ. ಮೇಳದಲ್ಲೇ ಇರುವವನಿಗೆ ಇಷ್ಟು ಒಂಟಿಯಾಗಿರೋದು ಬರೋಲ್ಲ. ಎಲ್ಲರೂ ನುಡಿಸ್ತಿದಾರೆ, ಅವನ ಪಕ್ಕದ ಜಾಗ ಮಾತ್ರ ಖಾಲಿ ಇದೆ, ನೋಡಿ.'

ಇದಕ್ಕಿಂತ ಚೆನ್ನಾಗಿ ಯಾವ ವಿಮರ್ಶಕನೂ ಹೇಳಿದ್ದನ್ನು ನಾನು ಓದಿಲ್ಲ. ಹಾಗೆಂದು ತಟ್ಟೆಯಲ್ಲಿ ಕೊರತೆಯಿಲ್ಲವೆಂದು ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಅಲ್ಲಲ್ಲಿ ಒಡವೆ ಹೆಚ್ಚಾಗಿ ಮದುಮಗಳ ಮುಖ ಕಾಣುವುದಿಲ್ಲ. ಕೆಲವು ಮಾತುಗಳು ಎಷ್ಟು ಸಲ ಕೇಳಿದರೂ ಮಂಜಿನೊಳಗಿಂದ ಹೊರಗೆ ಬರುವುದಿಲ್ಲ. ಆದರೆ 'ಸಮ್ ಮಿಸಂಡರ್‌ಸ್ಟ್ಯಾಂಡಿಂಗ್' ಎಂಬ ಆರನೆಯ ಹಾಡು, ಎಂಟು ನಿಮಿಷದಷ್ಟು ಉದ್ದದ್ದು, ಇಂಥ ಆಕ್ಷೇಪಣೆಗಳನ್ನೆಲ್ಲ ಅಳಿಸಿಹಾಕುತ್ತದೆ. ಬದುಕಿನಲ್ಲಿ ಏನೋ ತಪ್ಪು ತಿಳಿವಳಿಕೆಯಾಗಿದೆ, ಎಲ್ಲಿ ಆಯಿತೆಂದು ಗೊತ್ತಿಲ್ಲ, ಯಾರನ್ನೂ ದೂರುವಂತಿಲ್ಲ - ಈ ಭಾವ ನಡುವಯಸ್ಸು ದಾಟಿದ ಯಾರಿಗೆ ಅಪರಿಚಿತ? ಅದನ್ನು ಹಾಡಿದಾಗ ಆತನಿಗೆ ಇನ್ನೂ 30 ತುಂಬಿರಲಿಲ್ಲ.

ಇನ್ನು ಈ ತಟ್ಟೆಗೆ ಆದ ಗತಿಯನ್ನು ಹೇಳಬೇಕು. ಲಕ್ಷ ಡಾಲರು ಖರ್ಚಾಗಿ ಕೈಗೆ ಬಂದದ್ದು ಎಂಟೇ ಹಾಡು ಎಂದು ಗೆಫನ್ ರೇಗಿದನೆಂದು ಆ ಕಾಲದವರು ಹೇಳಿದ್ದಾರೆ. ಎಂಟು ಹಾಡು ಸೇರಿ ಸುಮಾರು 43 ನಿಮಿಷ. ಎರಡು ಮಗ್ಗುಲಿನ ತಟ್ಟೆಗೆ ಅದು ತುಂಬಿದ ಅಳತೆ. ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತಾರೆಯೇ ಹೊರತು ಕಾಳೆಣಿಸುವುದಿಲ್ಲ. ಆದರೆ ವ್ಯಾಪಾರಿಯ ಕಡೆಯಿಂದಲೂ ಒಂದು ಮಾತು ಹೇಳಬೇಕು. ರೇಡಿಯೋದವರಿಗೆ ಬೇಕಾದದ್ದು ಮೂರು ನಿಮಿಷದ ಹಾಡು. ಎಂಟು ನಿಮಿಷದ್ದನ್ನು ಅವರು ಎಲ್ಲಿ ಹಾಕಬೇಕು? ಅದೇ 1974ರಲ್ಲಿ ಅಸೈಲಮ್ ಕಂಪೆನಿಯ ಪಂಕ್ತಿಯಲ್ಲಿ ಡಿಲನ್ ಕುಳಿತಿದ್ದ, ಜೋನಿ ಮಿಚೆಲ್ ಕುಳಿತಿದ್ದಳು, ಈಗಲ್ಸ್ ತಂಡ ಕುಳಿತಿತ್ತು. ಬಡಿಸುವವನ ಸೌಟು ಮೊದಲು ಯಾವ ಎಲೆಯ ಕಡೆಗೆ ಹೋಗುತ್ತದೆಂಬುದು ಪಂಕ್ತಿಯಲ್ಲಿ ಕೂತವರಿಗೆಲ್ಲ ಗೊತ್ತು.

ಕೊನೆಗೆ ಪ್ರಚಾರವಾಗಲಿಲ್ಲ. ತಟ್ಟೆಯ ಹೊದಿಕೆಯೂ ಆತನಿಗೆ ಉಪಕಾರ ಮಾಡಲಿಲ್ಲ: ಮುಂದೆ 1920ರ ದಶಕದ ಹಾಲಿವುಡ್ಡಿನ ಚಿತ್ರಗಳ ಜೋಡಣೆ, ಹಿಂದೆ, ಮಿಸೌರಿಯ ಈ ಹಳ್ಳಿಯ ಹುಡುಗ ಮುಖಕ್ಕೆ ಬಣ್ಣ ಬಳಿದುಕೊಂಡು ನಾಟಕದ ರಾಜನಂತೆ ನಿಂತಿದ್ದಾನೆ. ಹಳೆಯ ಬರ್ಡ್ಸ್ ತಂಡದ ನೆನಪಿನಿಂದ ಅಂಗಡಿಗೆ ಬಂದವರು ಇದು ಯಾರೋ ಬೇರೆಯವರೆಂದು ತಿಳಿದರೆ ಆಶ್ಚರ್ಯವಿಲ್ಲ. ವಿಮರ್ಶಕರಲ್ಲಿ ಕೆಲವರು ಆಡಂಬರ ಹೆಚ್ಚಾಯಿತು ಎಂದರು. ಬಿಲ್‌ಬೋರ್ಡ್ ಪತ್ರಿಕೆಯ ಮಾರಾಟದ ಪಟ್ಟಿಯಲ್ಲಿ ತಟ್ಟೆ ಏರಿದ ಅತಿ ಎತ್ತರ 144ನೆಯ ಸ್ಥಾನ. ಎಂಟು ಮೈಲಿ ಎತ್ತರದ ಹಾಡು ಬರೆದವನಿಗೆ ಇಷ್ಟೇ ಏಣಿ ಸಿಕ್ಕಿತು. ಒಂದೆರಡು ವರ್ಷದಲ್ಲಿ ಕಂಪೆನಿ ಅದನ್ನು ತನ್ನ ಪಟ್ಟಿಯಿಂದಲೇ ತೆಗೆದುಹಾಕಿತು.

ಆ ಪೆಟ್ಟಿನಿಂದ ಆತ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲವೆಂದು ಬಲ್ಲವರು ಹೇಳುತ್ತಾರೆ. ಸಂಸಾರ ಒಡೆಯಿತು. ಕುಡಿತ ಹಳೆಯ ಮಿತ್ರನಾಗಿತ್ತು, ಒಡೆಯನಾಯಿತು. ಹಾಡುವುದನ್ನಂತೂ ಬಿಡಲಿಲ್ಲ: 1977ರಲ್ಲಿ ಒಂದು, 1979ರಲ್ಲಿ ಮೆಗ್ವಿನ್ ಮತ್ತು ಹಿಲ್‌ಮನ್ ಜೊತೆಗೆ ಒಂದು, 1987ರಲ್ಲಿ ಕಾರ್ಲಾ ಓಲ್ಸನ್ ಜೊತೆಗೆ ಒಂದು ತಟ್ಟೆ ಮಾಡಿದ. 1989ರಲ್ಲಿ ಟಾಮ್ ಪೆಟ್ಟಿ ಎಂಬ ಪ್ರಸಿದ್ಧ ಗಾಯಕ ಬರ್ಡ್ಸ್ ಕಾಲದ ಆತನ ಹಾಡೊಂದನ್ನು ಮತ್ತೆ ಹಾಡಿದ್ದರಿಂದ ಕೈತುಂಬ ಹಣ ಬಂತು. ಆ ಹಣ ಔಷಧವಾಗುವ ಬದಲು ವಿಷವಾಯಿತು. 1991ರ ಜನವರಿಯಲ್ಲಿ ಬರ್ಡ್ಸ್ ತಂಡದ ಐವರನ್ನೂ ವೇದಿಕೆಗೆ ಕರೆದು ರಾಕ್ ಸಂಗೀತದ ಕೀರ್ತಿಮಂದಿರಕ್ಕೆ ಸೇರಿಸಿದರು. ಸನ್ಮಾನ ಮೇಳಕ್ಕೆ. ಅದೇ ವರ್ಷ ಮೇ 24ರಂದು, 46ನೆಯ ವಯಸ್ಸಿನಲ್ಲಿ, ಕ್ಲಾರ್ಕ್ ತೀರಿಕೊಂಡ. ಹುಟ್ಟಿದೂರಾದ ಟಿಪ್ಟನ್ನಿನಲ್ಲಿ ಮಣ್ಣುಮಾಡಿದರು. ಸಮಾಧಿಯ ಕಲ್ಲಿನ ಮೇಲೆ ಆತನ ಹೆಸರಿನೊಡನೆ ಕೊರೆಸಿರುವುದು ಎರಡೇ ಪದ: 'ನೋ ಅದರ್'. ಪಟ್ಟಿಯ ನೆತ್ತಿಗೇರಿದ ಹಾಡಿನ ಹೆಸರಲ್ಲ. 144ನೆಯ ಮೆಟ್ಟಿಲಿನಿಂದ ಕೆಳಗುರುಳಿದ್ದರ ಹೆಸರು. ತನ್ನವರಿಗೆ ಗೊತ್ತಿತ್ತು.

ಆಮೇಲೆ ಏನಾಯಿತೆಂದರೆ, ಸಾಮಾನ್ಯವಾಗಿ ಏನಾಗುತ್ತದೆಯೋ ಅದೇ. 'ತಂತಿಗಳ ಬಲ'ದ ಹಾಡನ್ನು 1986ರಷ್ಟು ಹಿಂದೆಯೇ ಇಂಗ್ಲೆಂಡಿನ 'ದಿಸ್ ಮಾರ್ಟಲ್ ಕಾಯಿಲ್' ಎಂಬ ಗಾಯಕರ ಕೂಟವೊಂದು ಹಾಡಿ, ಹೊಸ ಕಿವಿಗಳಿಗೆ ಹಾಕಿತ್ತು. 2003ರಲ್ಲಿ ತಟ್ಟೆ ಮರುಮುದ್ರಣವಾಯಿತು. 2014ರ ಜನವರಿಯಲ್ಲಿ 'ಬೀಚ್ ಹೌಸ್' ಎಂಬ ತಂಡದವರು ಇನ್ನೂ ಕೆಲವು ಗಾಯಕರನ್ನು ಕೂಡಿಸಿಕೊಂಡು, ಅಮೆರಿಕದ ಪೂರ್ವತೀರದ ನಗರಗಳಲ್ಲಿ ಈ ಎಂಟೂ ಹಾಡುಗಳನ್ನು ಮೊದಲಿನಿಂದ ಕೊನೆಯವರೆಗೆ ವೇದಿಕೆಯ ಮೇಲೆ ಹಾಡಿದರು. ಹಾಡಿದವರಲ್ಲಿ ಹಲವರು, ತಟ್ಟೆ ಮೊದಲು ಹೊರಬಂದಾಗ ಹುಟ್ಟಿರಲೇ ಇಲ್ಲ. 2019ರಲ್ಲಿ, 1986ರ ಆ ಕೂಟವನ್ನು ಕಟ್ಟಿದ್ದ ಇಂಗ್ಲೆಂಡಿನ '4ಎಡಿ' ಕಂಪೆನಿಯೇ ತಟ್ಟೆಯನ್ನು ಹೊಸದಾಗಿ ಹದಮಾಡಿ, ಸ್ಟುಡಿಯೋದಲ್ಲಿ ಉಳಿದಿದ್ದ ಬೇರೆ ಪಾಠಾಂತರಗಳನ್ನೂ ಸೇರಿಸಿ ಹೊರಡಿಸಿತು. ಅದರ ಒಂದು ಪ್ರತಿಯೇ ನಮ್ಮ ಮನೆಗೆ ಬಂದದ್ದು. ಹಿಂದೆ ಆಡಂಬರ ಎಂದಿದ್ದುದನ್ನು ಈಗ ವೈಭವ ಎನ್ನುತ್ತಾರೆ. ತಟ್ಟೆ ಅದೇ, ನಿಘಂಟು ಬದಲಾಗಿದೆ.

'ನೋಡಿ, ಒಳ್ಳೆಯ ಕೆಲಸ ಎಂದಿಗೂ ಹಾಳಾಗುವುದಿಲ್ಲ, ತಡವಾದರೂ ಅದಕ್ಕೆ ಸಲ್ಲಬೇಕಾದದ್ದು ಸಂದೇ ಸಲ್ಲುತ್ತದೆ' ಎಂದು ಇಂಥ ಕಥೆಯ ಕೊನೆಗೆ ಹೇಳುವ ವಾಡಿಕೆಯುಂಟು. ಕೇಳಲು ಹಿತವಾದ ಮಾತು. ನನಗೆ ಮಾತ್ರ ಇದರಲ್ಲಿ ನಂಬಿಕೆಯಿಲ್ಲ. ಸಂದದ್ದು ಹಾಡಿಗೆ, ಹಾಡಿದವನಿಗಲ್ಲ. 28 ವರ್ಷದ ಹಿಂದೆ ಮಣ್ಣಾದವನಿಗೆ 2019ರ ಚಪ್ಪಾಳೆ ಕೇಳಿಸುವುದಿಲ್ಲ. ಶ್ರಾದ್ಧದ ದಿನ ಎಲೆಯ ಮೇಲೆ ಎಷ್ಟು ವಡೆ ಬಡಿಸಿದರೂ ಹಸಿದಿದ್ದ ದಿನದ ಹಸಿವು ಹಿಂಗುತ್ತದೆಯೆ? ಅದೂ ಅಲ್ಲದೆ, ಹಾಡಿಗೆ ಸಂದದ್ದೂ ನ್ಯಾಯದಿಂದಲ್ಲ, ಅದೃಷ್ಟದಿಂದ. ಮೂಲ ಟೇಪು ಎಲ್ಲೋ ಒಂದು ಉಗ್ರಾಣದಲ್ಲಿ ಕೆಡದೆ ಉಳಿದಿತ್ತು. ಹಳೆಯ ತಟ್ಟೆಗಳನ್ನು ಕೊಂಡವರು ಕೆಲವರು ಅವನ್ನು ಎಸೆಯದೆ ಇಟ್ಟುಕೊಂಡರು, ಇನ್ನೊಬ್ಬರಿಗೆ ಕೇಳಿಸಿದರು. ಆ ಟೇಪು ಒದ್ದೆಯಾಗಿದ್ದರೆ? ಕೊಂಡವರು ಮನೆ ಬದಲಾಯಿಸುವಾಗ ರದ್ದಿಗೆ ಹಾಕಿದ್ದರೆ? ಒಳ್ಳೆಯ ಕೆಲಸ ಹಾಳಾಗುವುದಿಲ್ಲವೆಂದು ನಾವು ಹೇಳುವುದು ಹಾಳಾಗದೆ ಉಳಿದವುಗಳನ್ನು ಕಂಡು. ಹಾಳಾದವು ಬಂದು ಸಾಕ್ಷಿ ನುಡಿಯಲಾರವು.

ಈ ನಂಬಿಕೆಯಲ್ಲಿ ಇನ್ನೊಂದು ಅಪಾಯವಿದೆ. ಕಾಲವೇ ನ್ಯಾಯ ಮಾಡುತ್ತದೆ ಎಂದುಕೊಂಡರೆ ನಾವು ಮಾಡಬೇಕಾದದ್ದು ಏನೂ ಉಳಿಯುವುದಿಲ್ಲ. ಕೇಳುವ ಕೆಲಸವನ್ನು ಮೊಮ್ಮಕ್ಕಳಿಗೆ ವಹಿಸಿ ನಾವು ಹಾಯಾಗಿರಬಹುದು. ಆದರೆ ಕಾಲವೆಂಬವನು ಯಾರು? ಅವನಿಗೆ ಕಿವಿಯಿದೆಯೆ? ನಮ್ಮ ನಿಮ್ಮಂಥವರು ಒಬ್ಬೊಬ್ಬರಾಗಿ ಕುಳಿತು ಕೇಳಿದರೆ ಅದನ್ನೇ ಕಾಲ ಮೆಚ್ಚಿತು ಎನ್ನುತ್ತೇವೆ. 1974ರಲ್ಲಿ ಅಷ್ಟು ಜನ ಒಂದೊಂದು ಸಂಜೆ, 43 ನಿಮಿಷ, ಬರ್ಡ್ಸ್ ತಂಡವನ್ನು ಮರೆತು ಕುಳಿತಿದ್ದರೆ ಸಾಕಾಗಿತ್ತು. ಅದೇನೂ ದೊಡ್ಡ ತ್ಯಾಗವಲ್ಲ.

ಮಿತ್ರರು ಆ ಸಂಜೆ ಎಂಟೂ ಹಾಡು ಮುಗಿಯುವವರೆಗೆ ಕುಳಿತಿದ್ದರು. ಕೊನೆಯ ಹಾಡಿನ ಕೊನೆಯಲ್ಲಿ ರಿಚರ್ಡ್ ಗ್ರೀನ್ ಎಂಬಾತನ ಪಿಟೀಲು ಬರುತ್ತದೆ. ಏನೋ ಯಂತ್ರದ ಮೂಲಕ ಹಾಯಿಸಿ, ನೀರಿನೊಳಗಿಂದ ನುಡಿಸಿದಂತೆ ಮಾಡಿದ್ದಾರೆ. ಅದನ್ನು ಅವರು ತಲೆ ಬಾಗಿಸಿ ಕೇಳಿದರು. ನಮ್ಮ ಮನೆಯಾಕೆ ಕಾಫಿ ತಂದಿಟ್ಟಳು. ಲೋಟವನ್ನು ಕೈಗೆ ತೆಗೆದುಕೊಂಡು, ಕುಡಿಯದೆ, ಅವರು ಹೇಳಿದರು:

'ನಂದೂ ಒಂದು ಇದೆ ರಾಯರೆ.'

'ಏನು?'

'ಕ್ಯಾಸೆಟ್ಟು. ನಾನೊಬ್ಬನೇ ನುಡಿಸಿದ್ದು. ಮೂವತ್ತು ವರ್ಷದ ಮೇಲಾಯ್ತು. ಕೈಯಿಂದ ದುಡ್ಡು ಹಾಕಿ ಮಾಡಿಸಿದೆ. ಒಂದು ಕಡೆ ಪೂರ್ತಿ ತೋಡಿ, ಇನ್ನೊಂದು ಕಡೆ ಸಣ್ಣ ಸಣ್ಣವು. ಕೊಟ್ಟವರೆಲ್ಲ ಚೆನ್ನಾಗಿರಬೇಕು, ಕೇಳ್ತೀನಿ ಅಂದರು.'

ಕೇಳಿದರೆ ಎಂದು ನಾನು ವಿಚಾರಿಸಲಿಲ್ಲ. ಅವರಿಗೀಗ 74. ಅವರು ಮೇಳವನ್ನೇನೂ ಬಿಟ್ಟವರಲ್ಲ. ಮರುದಿನವೇ ಯಾರೋ ಹುಡುಗನ ಪಕ್ಕದಲ್ಲಿ ಕುಳಿತು ಅವನ ರಾಗಕ್ಕೆ ನೆರಳಾದವರು. ಒಂದೇ ಒಂದು ಸಲ, ಒಂದು ಗಂಟೆಯ ಮಟ್ಟಿಗೆ, ನೆರಳು ಎದ್ದು ನಡೆದಾಡಿತ್ತು.

ಕ್ಯಾಸೆಟ್ಟು ನುಡಿಸುವ ಯಂತ್ರ ನಮ್ಮಲ್ಲಿ ಕೆಟ್ಟು ಕೂತಿತ್ತು. ರಿಪೇರಿಗೆ ಕೊಟ್ಟು ತಂದಿದ್ದೇನೆ. ಬೆಲ್ಟು ಹಾಕಿ ಕೊಟ್ಟ ಹುಡುಗ, 'ಇದರಲ್ಲಿ ಇನ್ನೇನು ಕೇಳ್ತೀರಾ ಸಾರ್?' ಎಂದು ನಕ್ಕ. ಬರುವ ಭಾನುವಾರ ಸಂಜೆ ಮಿತ್ರರು ಕ್ಯಾಸೆಟ್ಟನ್ನು ತರುತ್ತಾರೆ. ಟೇಪು ಇಷ್ಟು ವರ್ಷದ ಮೇಲೆ ಹೇಗಿದೆಯೋ ಕಾಣೆ. ಇಬ್ಬರು ನೆರೆಯವರಿಗೂ ಹೇಳಿದ್ದೇನೆ. ಅವರಲ್ಲೊಬ್ಬರು, 'ಯಾರ ಪಕ್ಕವಾದ್ಯಕ್ಕೆ ನುಡಿಸಿದ್ದು?' ಎಂದು ಕೇಳಿದರು. 'ಯಾರದೂ ಅಲ್ಲ' ಎಂದೆ.